ಧ್ವನಿನಿರೋಧಕ ಕೋಣೆಯ ಹೊರಗಿನ ಬೆಂಚು

ಅಹವಾಲು ಕೋಣೆಯ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಒಂದು ಬಾಗಿಲ ಮೇಲೆ ನೀಲಿ ಬೋರ್ಡು ಇದೆ. ‘ಧ್ವನಿನಿರೋಧಕ ಕೋಣೆ. ನಿರ್ಭಯವಾಗಿ ಮಾತನಾಡಿ’ ಎಂದು ಅದರಲ್ಲಿ ಬರೆದಿದೆ. ಮೊದಲನೆಯ ಮಾತು ಸುಳ್ಳು. ಎರಡನೆಯದನ್ನು ಜನ ಪಾಲಿಸುತ್ತಿದ್ದಾರೆ. ಇದೇ ಹದಿನೆಂಟನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ ಆ ಕೋಣೆಯಲ್ಲಿ ಕುಳಿತು ತನ್ನ ಮೇಲೆ ನಡೆದದ್ದನ್ನು ಹೇಳಬೇಕೆಂದು ತಾವು ನೋಟಿಸು ಕಳುಹಿಸಿದ್ದೀರಿ. ಅವಳು ಹೇಳುವ ಒಂದೊಂದು ಮಾತೂ ಹೊರಗಿನ ಬೆಂಚಿಗೆ ಕೇಳಿಸುತ್ತದೆ. ಅವಳು ಯಾರ ಮೇಲೆ ದೂರು ಹೇಳಬೇಕೋ ಅವನು ಆ ಹೊತ್ತಿಗೆ ಅದೇ ಬೆಂಚಿನ ಮೇಲೆ ಕುಳಿತಿರುತ್ತಾನೆ, ಏಕೆಂದರೆ ಅವನಿಗೂ ತಾವು ಅದೇ ದಿನ, ಅದೇ ಗಂಟೆಗೆ ನೋಟಿಸು ಕೊಟ್ಟಿದ್ದೀರಿ. ಆ ಕೋಣೆಯ ಮಾತು ಹೊರಗೆ ಕೇಳಿಸುತ್ತದೆ ಎಂದು ತಮಗೆ ಎರಡು ಸಲ ಬರೆದು ತಿಳಿಸಿದೆ. ಮೂರನೆಯ ಸಲ ಪತ್ರಿಕೆಯ ಮೂಲಕ ತಿಳಿಸುತ್ತಿದ್ದೇನೆ. ನನಗೆ ಹೆದರಿಕೆಯಾಗಿದೆ. ಪತ್ರದಲ್ಲಿ ಅಲ್ಲಲ್ಲಿ ಅದು ಕಾಣಿಸಿಕೊಂಡರೆ ಮನ್ನಿಸಬೇಕು.

ನಾನು ಕುಂದಾಪುರದಲ್ಲಿ ಇಪ್ಪತ್ತಾರು ವರ್ಷಗಳಿಂದ ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿಕೊಂಡು ಇದ್ದವನು. ಊರಿನ ವ್ಯವಹಾರಗಳಿಂದ ಸ್ವಲ್ಪ ದೂರ ನಿಂತು ನೋಡುವುದು ನನ್ನ ಸ್ವಭಾವ; ಅದನ್ನು ಬಹಳ ಕಾಲ ಒಂದು ಗುಣವೆಂದೇ ತಿಳಿದಿದ್ದೆ. ಮನವಿಪತ್ರಗಳಿಗೆ ಸಹಿ ಹಾಕಿದವನಲ್ಲ, ಸಭೆಗಳಲ್ಲಿ ಎದ್ದು ನಿಂತವನಲ್ಲ. ಈ ಪತ್ರದಲ್ಲಿ ಒಬ್ಬ ಹೆಂಗಸು ಬರುತ್ತಾರೆ. ಅವರನ್ನು ಸುಗುಣ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕಡಲ ಬದಿಯಲ್ಲಿ ಯಾವುದೋ ಒಂದು ಊರು ಅವರದು ಎಂದಷ್ಟೇ ಓದುಗರಿಗೆ ಸಾಕು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆ ಕೋಣೆಯಲ್ಲಿ ಅವರು ಹೇಳಿದ್ದೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬೋರ್ಡು ಕೊಟ್ಟ ಮಾತನ್ನು ಯಾರಾದರೂ ಒಬ್ಬರು ಉಳಿಸಿಕೊಳ್ಳಬೇಕಲ್ಲ.

ಮೊದಲು ಆ ಕೋಣೆಯ ವಿಷಯ. ಹಳೆಯ ಹೆಂಚಿನ ಕಟ್ಟಡದ ಉದ್ದನೆಯ ಹಜಾರವದು. ತಾವು ಈ ಹುದ್ದೆಗೆ ಬಂದಾಗ ಅಲ್ಲಿ ಒಬ್ಬರು ಮಾತನಾಡಿದರೆ ನಾಲ್ಕು ಜನ ಮಾತನಾಡಿದಂತೆ ಕೇಳಿಸುತ್ತಿತ್ತು. ದೂರು ಹೇಳುವವರ ಮಾತು ಬರೆದುಕೊಳ್ಳುವವರಿಗೆ ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಹಜಾರದ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ ಎಬ್ಬಿಸಿ ಕೋಣೆ ಮಾಡಿದಿರಿ, ಗೋಡೆಗೂ ಮೇಲಿನ ಫಾಲ್ಸ್ ಸೀಲಿಂಗಿಗೂ ತೂತು ಕೊರೆದ ಹಲಗೆಗಳನ್ನು ಹಾಕಿಸಿದಿರಿ. ಕೆಲಸ ವಹಿಸಿಕೊಂಡವನು ಪ್ರೇಮಾನಂದ. ಮೀನಿನ ಲಾರಿಗಳ ಒಳಮೈಗೆ, ಐಸ್ ಪೆಟ್ಟಿಗೆಗಳಿಗೆ ಥರ್ಮೋಕೋಲು ಕೂರಿಸುವುದರಲ್ಲಿ ಈ ಭಾಗದಲ್ಲಿ ಅವನಷ್ಟು ಅಚ್ಚುಕಟ್ಟಾದವರು ಇಲ್ಲ. ಅವನು ಮುಚ್ಚಿದ ಪೆಟ್ಟಿಗೆಯಲ್ಲಿ ಇಲ್ಲಿಂದ ಹೊರಟ ಬಂಗುಡೆ ಮೂರನೆಯ ದಿನವೂ ಕಣ್ಣು ಹೊಳೆಸುತ್ತದೆ. ತಮ್ಮ ಅಡ್ಡಗೋಡೆಯನ್ನೂ ಅವನು ಹಾಗೆಯೇ ಕಟ್ಟಿದ: ಎರಡು ಪ್ಲೈವುಡ್ಡು, ನಡುವೆ ಥರ್ಮೋಕೋಲು. ನಾನು ನೋಡಲು ಹೋದಾಗ ಅವನೇ ಹೆಮ್ಮೆಯಿಂದ ತಟ್ಟಿ ತೋರಿಸಿದ. “ಐಸಿನ್ ತಂಪ್ ಹೊರ್ಗೆ ಬಿಡ್ದಿದ್ ಥರ್ಮೋಕೋಲ್, ಮಾತ್ ಬಿಡುತ್ತಾ ಮಾಷ್ಟ್ರೇ?” ಎಂದು ಕೇಳಿದ. ಬಿಡುತ್ತದೆ. ತಂಪನ್ನು ತಡೆಯಲು ಹಗುರವಾದದ್ದು ಬೇಕು. ಮಾತನ್ನು ತಡೆಯಲು ಭಾರವಾದದ್ದು ಬೇಕು. ಮೀನಿನ ಊರಿನಲ್ಲಿ ಹುಟ್ಟಿ ಬೆಳೆದ, ಕೆಲಸ ಬಲ್ಲ, ಮೋಸವಿಲ್ಲದ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ಆದ್ದರಿಂದ ಅವನ ಮೇಲೆ ನನ್ನ ದೂರಿಲ್ಲ.

ನಾನು ಅಲ್ಲಿಗೆ ಯಾಕೆ ಹೋಗಿದ್ದೆ? ತಾವೇ ಕರೆಸಿದ್ದಿರಿ. ಕಾಮಗಾರಿ ಮುಗಿದಿದೆ, ವಿಜ್ಞಾನ ಬಲ್ಲವರೊಬ್ಬರು ನೋಡಿ ಎರಡು ಮಾತು ಬರೆದುಕೊಟ್ಟರೆ ಕಡತಕ್ಕೆ ಶೋಭೆ ಎಂದಿರಿ. ಚಹಾ, ಗೋಳಿಬಜೆ ತರಿಸಿದಿರಿ. ನಾನು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಶಬ್ದ ಹುಟ್ಟಿದಲ್ಲೇ ಮುಗಿಯಿತು. ತಮ್ಮ ಸಿಬ್ಬಂದಿ ಒಬ್ಬೊಬ್ಬರಾಗಿ ಬಂದು ಚಪ್ಪಾಳೆ ತಟ್ಟಿ ಖುಷಿಪಟ್ಟರು. ಇದು ಹೇಗಾಗುತ್ತದೆ ಎಂದು ತಾವು ಕೇಳಿದಿರಿ. ಇಪ್ಪತ್ತಾರು ವರ್ಷ ಮಕ್ಕಳು ಕೇಳದ ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಯಾರಾದರೂ ತಾವಾಗಿ ಕೇಳಿದರೆ ಆಗುವ ಸಂತೋಷವನ್ನು ತಾವು ಊಹಿಸಲಾರಿರಿ.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂ ಎಂದು ಒಂದು ಸ್ವರ ಬರುತ್ತದಲ್ಲ, ಅಲ್ಲಿಂದ ಶುರುಮಾಡಿದೆ. ಬಾಟಲಿಯ ಕುತ್ತಿಗೆಯಲ್ಲಿರುವ ಗಾಳಿ ಒಂದು ಬಿರಡೆಯಂತೆ. ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ. ಬಿರಡೆ ಒಳಗೆ ಹೋಗುತ್ತದೆ, ಸ್ಪ್ರಿಂಗು ಹೊರಗೆ ತಳ್ಳುತ್ತದೆ. ಹಲಗೆಯ ಒಂದೊಂದು ತೂತೂ ಅಂಥ ಒಂದು ಕುತ್ತಿಗೆ, ಹಲಗೆಗೂ ಗೋಡೆಗೂ ನಡುವೆ ಬಿಟ್ಟ ಎರಡು ಅಂಗುಲದ ಸಂದು ಅದರ ಹೊಟ್ಟೆ. ಮಾತು ಬಂದು ಬಡಿದಾಗ ತೂತಿನ ಗಾಳಿ ಸೆಕೆಂಡಿಗೆ ನೂರಾರು ಸಲ ಒಳಗೆ ಹೊರಗೆ ಓಡಾಡುತ್ತದೆ, ತೂತಿನ ಅಂಚಿಗೂ ಹಿಂದೆ ಅಂಟಿಸಿದ ತೆಳು ಬಟ್ಟೆಗೂ ಉಜ್ಜಿಕೊಳ್ಳುತ್ತದೆ, ಉಜ್ಜಿಕೊಂಡು ಬಿಸಿಯಾಗುತ್ತದೆ. ಮಾತಿನ ಬಲ ಆ ಬಿಸಿಯಲ್ಲಿ ಕಳೆದುಹೋಗುತ್ತದೆ. ಇಡೀ ದಿನದ ದೂರುಗಳೆಲ್ಲ ಸೇರಿದರೂ ಈ ಒಂದು ಲೋಟ ಚಹಾ ಬಿಸಿಯಾಗುವುದಿಲ್ಲ, ಅಷ್ಟು ಕಡಿಮೆ ಬಿಸಿ ಅದು ಎಂದೆ. ಎಲ್ಲರೂ ನಕ್ಕರು. ನನಗೂ ಆ ವಾಕ್ಯ ಹಿಡಿಸಿತ್ತು. ‘ಕೋಣೆಯಲ್ಲಿ ಪ್ರತಿಧ್ವನಿ ಇಲ್ಲ, ಹಲಗೆಗಳು ಶಬ್ದವನ್ನು ಸಮರ್ಪಕವಾಗಿ ಹೀರುತ್ತಿವೆ’ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಹೇಳದೆ ಬಿಟ್ಟದ್ದು ಇಷ್ಟು. ಶಬ್ದವನ್ನು ಹೀರುವುದು ಬೇರೆ, ತಡೆಯುವುದು ಬೇರೆ. ತೂತಿನ ಹಲಗೆ ಕೋಣೆಯೊಳಗೆ ಮರಳಿ ಬರುವ ಮಾತನ್ನು ಕಡಿಮೆ ಮಾಡುತ್ತದೆ. ಹೊರಗೆ ಹೋಗುವ ಮಾತಿಗೆ ಅದು ಹೆಚ್ಚುಕಡಿಮೆ ಸೊಳ್ಳೆ ಪರದೆ ಗಾಳಿಗೆ ಇದ್ದ ಹಾಗೆ. ಅಡ್ಡಗೋಡೆ ಫಾಲ್ಸ್ ಸೀಲಿಂಗಿನವರೆಗೆ ಮಾತ್ರ ಇದೆ. ಅದರ ಮೇಲೆ ಹೆಂಚಿನ ಮಾಡಿನ ಅಡಿ, ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ, ಒಂದೇ ಬಯಲು. ಹಲಗೆ ಉಳಿದಿತ್ತೆಂದು ಪ್ರೇಮಾನಂದ ಹೊರಗಿನ ಬೆಂಚಿನ ಮೇಲ್ಭಾಗಕ್ಕೂ ಅದನ್ನೇ ಹಾಕಿದ್ದ, ಚಂದಕ್ಕೆ. ಒಳಗಿನ ಮಾತು ಒಳಗಿನ ತೂತುಗಳಿಂದ ಮೇಲೇರಿ, ಹೆಂಚಿಗೆ ತಾಗಿ, ಹೊರಗಿನ ತೂತುಗಳಿಂದ ಬೆಂಚಿನ ಮೇಲೆ ಇಳಿಯುತ್ತದೆ. ಇನ್ನೊಂದು ವಿಷಯವಿದೆ. ಹಿಂದೆ ಪ್ರತಿಧ್ವನಿಯಿಂದಾಗಿ ಹೊರಗಿನವರಿಗೆ ಬರೀ ಗದ್ದಲ ಕೇಳಿಸುತ್ತಿತ್ತು. ಈಗ ಗದ್ದಲ ಹೋಗಿದೆ, ಮಾತು ಬಿಡಿಬಿಡಿಯಾಗಿ ಸ್ವಚ್ಛವಾಗಿ ಕೇಳಿಸುತ್ತದೆ. ಸರ್ಕಾರದ ಹಣದಲ್ಲಿ ತಾವು ಬೆಂಚಿನವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟಿದ್ದೀರಿ.

ತಿಂಗಳ ನಂತರ ಏನೋ ಕೆಲಸಕ್ಕೆ ಆ ಕಡೆ ಬಂದಾಗ ನೀಲಿ ಬೋರ್ಡು ಕಂಡಿತು. ನಾನು ಬರೆದದ್ದನ್ನು ತಾವು ಹೀಗೆ ಓದಿಕೊಂಡಿದ್ದೀರಲ್ಲ ಎಂದು ಅನಿಸಿತು. ಒಳಗೆ ಹೋಗಿ ಹೇಳಬಹುದಿತ್ತು. ಚಹಾ ಕುಡಿದ ಮನೆಯಲ್ಲಿ ತಪ್ಪು ಹುಡುಕುವುದು ಸರಿಯಲ್ಲ ಎಂಬ ಸಂಕೋಚವೋ, ಇದು ನನ್ನ ಪಾಲಿನ ಕೆಲಸವಲ್ಲ ಎಂಬ ಉದಾಸೀನವೋ, ಬಿಸಿಲು ಜೋರಾಗಿತ್ತೋ. ಮನೆಗೆ ಹೋದೆ.

ಸುಗುಣ ನಮ್ಮ ಓಣಿಗೆ ಹದಿನಾರು ವರ್ಷಗಳಿಂದ ಮೀನಿನ ಬುಟ್ಟಿ ಹೊತ್ತು ಬರುವವರು. ಅವರ ಪಕ್ಕದ ಮನೆಯ ಹುಡುಗಿ ಸಿಗಡಿ ಸುಲಿಯುವ ಒಂದು ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಮೇಸ್ತ್ರಿಯ ನಡತೆಯ ಬಗ್ಗೆ ಅವಳು ಸುಗುಣರ ಬಳಿ ಹೇಳಿಕೊಂಡಿದ್ದಳು, ಹೆಸರು ಹೊರಗೆ ಬರಬಾರದು ಎಂದು ಆಣೆ ಹಾಕಿಸಿಕೊಂಡು. ಸುಗುಣ ಒಂದು ದಿನ ಬುಟ್ಟಿ ಇಳಿಸಿ, ಮೀನು ತೋರಿಸದೆ, ಇಂಥದ್ದಕ್ಕೆ ಎಲ್ಲಿ ಹೋಗಬೇಕು ಎಂದು ನನ್ನನ್ನು ಕೇಳಿದರು. ನಾನು ತಮ್ಮ ಕಚೇರಿಯ ಹೆಸರು ಹೇಳಿದೆ. ನಾನೇ ಕರೆದುಕೊಂಡು ಬರುತ್ತೇನೆ ಎಂದೆ. ಅವರು ಅರ್ಜಿ ಕೊಟ್ಟು ಎರಡು ವಾರಕ್ಕೆ ವಿಚಾರಣೆಯ ದಿನ ಬಂತು.

ತಮ್ಮಲ್ಲೊಂದು ಪದ್ಧತಿಯಿದೆ. ದೂರಿನ ಎರಡೂ ಕಡೆಯವರನ್ನು ಒಂದೇ ದಿನ ಕರೆಯುವುದು. ರಾಜಿಗೆ ಸುಲಭ, ಬಸ್ಸಿನ ಓಡಾಟವೂ ಉಳಿಯುತ್ತದೆ ಎಂದು ತಮ್ಮ ಗುಮಾಸ್ತರು ವಿವರಿಸಿದರು. ಗದ್ದೆಯ ಅಂಚಿನ ಜಗಳಕ್ಕೆ ಅದು ಸರಿಯಿರಬಹುದು. ಅಂದು ಬೆಂಚಿನ ಮೇಲೆ ಮೇಸ್ತ್ರಿಯೂ ಅವನ ಜೊತೆಯವರಿಬ್ಬರೂ ಕುಳಿತಿದ್ದರು. ಸುಗುಣ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. “ಇದೆಂತ ಮಾಷ್ಟ್ರೇ, ಗ್ವಾಡಿ ಪೂರಾ ಗೆದ್ಲ್ ತಿಂದಾಂಗಿತ್ತಲೆ” ಎಂದರು. ತಮಾಷೆ ಮಾಡುವುದು ಅವರ ಹೆದರಿಕೆಯ ರೀತಿ. ನಾನು ಶಬ್ದ ಹೀರುವ ಹಲಗೆ ಎಂದೆ. ಗುಮಾಸ್ತರು ಬೋರ್ಡು ತೋರಿಸಿ, ಒಳಗಿನ ಮಾತು ಒಳಗೇ ಇರುತ್ತದೆ ಎಂದರು. ಸುಗುಣ ಗುಮಾಸ್ತರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

ಮಾನ್ಯರೇ, ಆ ತಲೆಯಾಡಿಸಿದ್ದರ ಬಗ್ಗೆ ಬಹಳ ಯೋಚಿಸಿದ್ದೇನೆ. ಗೊತ್ತಿದ್ದದ್ದು ಆಗ ನೆನಪಾಗಲಿಲ್ಲ ಎಂದು ಹೇಳಿಕೊಳ್ಳಬಹುದು. ನೆನಪಾಗಿತ್ತು. ಹೇಳಿದರೆ ಆಕೆ ಹಿಂದೆ ತಿರುಗುತ್ತಾರೆ, ಇಷ್ಟು ದೂರ ಬಂದದ್ದು ವ್ಯರ್ಥವಾಗುತ್ತದೆ, ಬಾಗಿಲು ದಪ್ಪವಿದೆ, ಮೆಲ್ಲಗೆ ಮಾತನಾಡುತ್ತಾರೆ, ಪರವಾಗಿಲ್ಲ ಎಂದು ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದೆ. ಅವರ ಆಧಾರ್ ಕಾರ್ಡಿನ ಜೆರಾಕ್ಸು ಬೇಕೆಂದರು. ಅದನ್ನು ಮಾಡಿಸಲು ನಾನು ರಸ್ತೆಯ ಆಚೆ ಹೋದೆ.

ಆದರೆ ಅಂಥ ಕೋಣೆಯಲ್ಲಿ ಯಾರೂ ಮೆಲ್ಲಗೆ ಮಾತನಾಡುವುದಿಲ್ಲ. ಮಾಮೂಲಿ ಕೋಣೆಯಲ್ಲಿ ಗೋಡೆಗಳು ನಮ್ಮ ಮಾತನ್ನು ಸ್ವಲ್ಪ ಮರಳಿ ಕೊಡುತ್ತವೆ, ಅದರಿಂದ ನಮ್ಮ ಧ್ವನಿ ಸಾಕು ಎಂದು ನಮಗೆ ಗೊತ್ತಾಗುತ್ತದೆ. ತೂತಿನ ಹಲಗೆಗಳ ನಡುವೆ ಏನೂ ಮರಳಿ ಬರುವುದಿಲ್ಲ. ಮಾತು ಬಾಯಿಂದ ಬಿದ್ದು ಎಲ್ಲೋ ಹೋದಂತಾಗುತ್ತದೆ. ಎದುರಿನವರಿಗೆ ತಲುಪಲಿಲ್ಲವೇನೋ ಎಂದು ಮನುಷ್ಯ ತನಗರಿವಿಲ್ಲದೆ ಧ್ವನಿ ಏರಿಸುತ್ತಾನೆ. ಸುಗುಣರೋ, ಬಂದರಿನ ಹರಾಜಿನಲ್ಲಿ ಬೋಟುಗಳ ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಮೀನು ಕೊಳ್ಳುವವರು. ಹುಡುಗಿಯ ಹೆಸರಿಲ್ಲದೆ ದೂರು ದಾಖಲಾಗುವುದಿಲ್ಲ, ಇಲ್ಲಿ ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ ಎಂದು ತಾವು ಭರವಸೆ ಕೊಟ್ಟಿರಂತೆ.

ನಾನು ಜೆರಾಕ್ಸು ಹಿಡಿದು ಮರಳಿದಾಗ ಬೆಂಚಿನ ಮೂವರೂ ಸುಮ್ಮನೆ ಕುಳಿತಿದ್ದರು. ಮೊಬೈಲು ನೋಡುತ್ತಿರಲಿಲ್ಲ. ಒಬ್ಬ ತಲೆಯನ್ನು ಗೋಡೆಗೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದ, ರೇಡಿಯೊ ಕೇಳುವವರ ಹಾಗೆ. ಮೇಲಿನಿಂದ ಸುಗುಣರ ಧ್ವನಿ ಬರುತ್ತಿತ್ತು. ಪಕ್ಕದಲ್ಲಿ ನಿಂತು ಮಾತನಾಡಿದಷ್ಟು ಸ್ಪಷ್ಟ. ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ. ಹೋಗಿ ಬಡಿದು, ನಿಲ್ಲಿಸಿ, ಎಲ್ಲ ಹೊರಗೆ ಕೇಳಿಸುತ್ತಿದೆ ಎನ್ನಬೇಕಿತ್ತು. ಮೂವರೂ ನನ್ನನ್ನೇ ನೋಡಿದರು. ನಾನು ಹೋಗಲಿಲ್ಲ. ನಾನು ನಾಲ್ಕೈದು ಸಲ ಉಸಿರಾಡಿರಬಹುದು. ಅಷ್ಟರಲ್ಲಿ ಸುಗುಣ ಹುಡುಗಿಯ ಹೆಸರು ಹೇಳಿದರು. ಅವಳ ತಂದೆಯ ಹೆಸರು ಹೇಳಿದರು. ಮನೆ ಎಲ್ಲಿ ಎಂದೂ ಹೇಳಿದರು. ಆಮೇಲೆ ನಾನು ಬಾಗಿಲು ಬಡಿದೆ.

ಸುಗುಣ ಹೊರಗೆ ಬಂದಾಗ ಮುಖ ಹಗುರಾಗಿತ್ತು. ಬಹಳ ದಿನದ ಭಾರ ಇಳಿಸಿದವರ ಮುಖ. ಮೇಸ್ತ್ರಿ ಎದ್ದು ನಿಂತು, ಕೈಮುಗಿದು, ಅತ್ಯಂತ ವಿನಯದಿಂದ ಹೇಳಿದ: “ಅಕ್ಕಾ, ಚಂದ ಮಾತಾಡ್ತ್ರಿ ಕಾಣಿ. ಯಾವ್ ಹೆಣ್ ಅಂದೇಳಿ ನಂಗೆ ಗೊತ್ತಾಯಿರ್ಲಿಲ್ಲ. ನೀವ್ ಹೇಳಿದ್ ಒಳ್ಳೇದಾಯ್ತ್.”

ಹೆಚ್ಚಿಗೆ ಏನೂ ಹೇಳಲಿಲ್ಲ. ಬೆದರಿಕೆ ಎಂದು ಯಾವ ಠಾಣೆಯಲ್ಲೂ ಬರೆಸಲಾಗದ ಮಾತು. ಸುಗುಣ ಮೊದಲು ಅವನನ್ನು ನೋಡಿದರು, ನಂತರ ಬಾಗಿಲ ಮೇಲಿನ ಬೋರ್ಡನ್ನು, ನಂತರ ನನ್ನನ್ನು. ಶಾಸ್ತ್ರಿ ಸರ್ಕಲಿನವರೆಗೆ ನಾವು ನಡೆದೆವು. ಬಸ್ಸು ಹತ್ತುವ ಮೊದಲು ಅವರು ಒಂದೇ ಮಾತು ಹೇಳಿದರು. “ನೀವ್ ತಲಿ ಆಡ್ಸಿದ್ರಿ ಅಂದೇಳಿ ನಾ ಹೇಳ್ದೆ ಮಾಷ್ಟ್ರೇ.”

ಆಮೇಲಿನದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಆಮೇಲೆ ಏನೂ ಆಗಿಲ್ಲ. ಭಯ ಅಲ್ಲೇ ಇದೆ. ಮಾರನೆಯ ದಿನ ಹುಡುಗಿಯನ್ನು ಶೆಡ್ಡಿನಿಂದ ಬಿಡಿಸಲಿಲ್ಲ, ಯಾರೂ ಬೈಯಲಿಲ್ಲ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸರು ಮಾತ್ರ ಸ್ವಲ್ಪ ದೂರ ಸರಿದು ಕೂತರು. ಮೂರನೆಯ ದಿನದಿಂದ ಅವಳೇ ಹೋಗುವುದು ಬಿಟ್ಟಳು. ಸಂಜೆ ಒಂದು ಬೈಕು ಅವಳ ಮನೆಯ ಮುಂದೆ ನಿಧಾನವಾಗಿ ಹೋಗುತ್ತದೆ, ತುದಿಯಲ್ಲಿ ತಿರುಗಿ ಇನ್ನಷ್ಟು ನಿಧಾನವಾಗಿ ಬರುತ್ತದೆ. ಅವಳ ಅಪ್ಪ ಹೋಗುತ್ತಿದ್ದ ಬೋಟಿನಲ್ಲಿ ಈಗ ಜನ ಹೆಚ್ಚಾಗಿದ್ದಾರಂತೆ, ಮುಂದಿನ ವಾರ ನೋಡುವ ಎಂದರಂತೆ. ಮುಂದಿನ ವಾರವೂ ಹಾಗೆಯೇ ಹೇಳಿದರಂತೆ. ಸುಗುಣ ಮೀನು ತರುತ್ತಾರೆ, ಓಣಿಯ ಕೊನೆಯಿಂದ ಹ್ವಾಯ್ ಎಂದು ಕೂಗುವುದಿಲ್ಲ. ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ನಮ್ಮ ಕಣ್ಣಿಗೆ ಬಿದ್ದಾಗಲೇ ವ್ಯಾಪಾರ.

ನನ್ನದನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ಗೇಟಿನ ಎದುರು ಬೆಂಚಿನವರಲ್ಲಿ ಒಬ್ಬ ಎರಡು ಸಲ ಕಂಡ. ನಮಸ್ಕಾರ ಮಾಡಿದ. ಅಷ್ಟೇ. ಅಂದಿನಿಂದ ನಾನು ಮನೆಯ ವಿಷಯ ಮಾತನಾಡುವಾಗ ಕಿಟಕಿ ಮುಚ್ಚುತ್ತೇನೆ. ಹೆಂಡತಿಯ ಬಳಿ ಈ ಪತ್ರದ ಸಂಗತಿ ಹೇಳಿದ್ದು ಅಡುಗೆಮನೆಯಲ್ಲಿ, ಮಿಕ್ಸರ್ ತಿರುಗುತ್ತಿದ್ದಾಗ. ಅವಳು ಮಿಕ್ಸರ್ ನಿಲ್ಲಿಸಿ ಪೂರ್ತಿ ಹೇಳಿ ಎಂದಳು. ಅದು ಮತ್ತೆ ತಿರುಗುವವರೆಗೆ ನನಗೆ ಬಾಯಿ ಬರಲಿಲ್ಲ. ಕಾಯಿ ನುಣ್ಣಗಾಗಿ ಚಟ್ನಿ ನೀರಾಯಿತು. ಐವತ್ತೆರಡು ವರ್ಷದ, ತಿಂಗಳ ಸಂಬಳದ ಗಂಡಸಿನ ಪಾಡು ಇದು. ಇನ್ನು ಹತ್ತೊಂಬತ್ತರ ಆ ಹುಡುಗಿ ಹೇಗೆ ನಿದ್ದೆ ಮಾಡುತ್ತಾಳೆ ಎಂದು ಯೋಚಿಸಲು ನನಗೆ ಅಂಜಿಕೆ.

ತಮಗೆ ಬರೆದ ಎರಡು ಪತ್ರಗಳಿಗೂ ಒಂದೇ ಉತ್ತರ ಬಂತು. ‘ಸದರಿ ಕೊಠಡಿಯ ಧ್ವನಿ ಕಾಮಗಾರಿಯು ಸಮರ್ಪಕವಾಗಿದೆಯೆಂದು ವಿಷಯತಜ್ಞರಿಂದ ದೃಢೀಕರಿಸಲ್ಪಟ್ಟಿದ್ದು, ದೃಢೀಕರಣದ ಪ್ರತಿಯನ್ನು ಲಗತ್ತಿಸಿದೆ.’ ಲಗತ್ತಿನಲ್ಲಿ ನನ್ನದೇ ಸಹಿ. ಆ ವಿಷಯತಜ್ಞನೇ ಈಗ ತಪ್ಪಾಗಿದೆ ಎಂದು ಬೊಬ್ಬೆ ಹೊಡೆಯುತ್ತಿರುವುದನ್ನು ಸೇರಿಸಿಕೊಳ್ಳಲು ಕಡತದಲ್ಲಿ ಜಾಗವಿಲ್ಲವೇ? ಹಲಗೆಯ ತೂತಿನಲ್ಲಿ ಹೋದ ಮಾತು ಬಿಸಿಯಾಗಿಯಾದರೂ ಉಳಿಯುತ್ತದೆ. ತಮ್ಮ ಟಪಾಲಿನಲ್ಲಿ ಹೋದ ಮಾತು ಏನಾಗುತ್ತದೆ? ಗುಮಾಸ್ತರನ್ನು ಬೆಂಚಿನ ಮೇಲೆ ಕೂರಿಸಿ, ತಾವು ಒಳಗೆ ಕುಳಿತು, ಮನೆಯವರಿಗೂ ಹೇಳದ ಒಂದು ವಿಷಯವನ್ನು ಜೋರಾಗಿ ಹೇಳಿ ನೋಡಿ ಎಂದು ಎರಡನೆಯ ಪತ್ರದಲ್ಲಿ ಬೇಡಿಕೊಂಡಿದ್ದೆ. ತಾವು ಹಾಗೆ ಮಾಡಿಲ್ಲ. ಯಾಕೆ ಮಾಡಿಲ್ಲ, ಮಾನ್ಯರೇ? ಬೋರ್ಡಿನ ಮೇಲೆ ನಂಬಿಕೆಯಿದ್ದವರು ಹಿಂಜರಿಯಬೇಕಾದ ಪ್ರಯೋಗವೇ ಅದು?

ಬದಲಿಗೆ ಹುಡುಗಿಗೆ ನೋಟಿಸು ಕಳುಹಿಸಿದಿರಿ. ಹದಿನೆಂಟಕ್ಕೆ ಬರದಿದ್ದರೆ ದೂರನ್ನು ಮುಕ್ತಾಯಗೊಳಿಸಲಾಗುವುದು ಎಂದು ಕೆಳಗೆ ಅಡಿಗೆರೆ ಎಳೆದು ಬರೆದಿದ್ದೀರಿ. ದೂರು ಮುಗಿದರೆ ಉಳಿಯುವುದು ಆ ಬೈಕು ಮತ್ತು ಆ ಹೆಸರು. ಬಂದರೆ ಉಳಿದದ್ದೂ ಬೆಂಚಿಗೆ ಇಳಿಯುತ್ತದೆ. ಅವಳ ಪಾಲಿಗೆ ತಾವು ತೆರೆದಿಟ್ಟ ದಾರಿಗಳು ಇವೆರಡೇ.

ನೋಟಿಸು ಬಂದ ದಿನ ಸುಗುಣ ನನ್ನನ್ನು ಅವಳ ಮನೆಗೆ ಕರೆದುಕೊಂಡು ಹೋದರು. ನಾನು ಹೋಗುವುದಿಲ್ಲ ಎಂದಿದ್ದೆ, ಆ ಓಣಿಯಲ್ಲಿ ನಡೆಯಲು ನನಗೆ ಧೈರ್ಯವಿರಲಿಲ್ಲ. ಸುಗುಣ ಮುಂದೆ ನಡೆದರು, ನಾನು ಹಿಂದೆ ನಡೆದೆ. ಹುಡುಗಿ ಜಗಲಿಗೆ ಬರಲಿಲ್ಲ, ಬಾಗಿಲ ಸಂದಿನಲ್ಲಿ ನಿಂತಳು. ತೂತಿನ ಹಲಗೆ, ಹೆಂಚಿನ ಅಡಿಯ ಬಯಲು, ಎಲ್ಲವನ್ನೂ ಇರುವಂತೆ ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಹೇಳುವುದಕ್ಕೆ ಹೆದರಿಕೆಯಿದ್ದರೆ ಬೇಡ, ಬಿಟ್ಟುಬಿಡು ಎಂದೂ ಹೇಳಿದೆ. ಅದನ್ನು ಹೇಳಿದ್ದು ಅವಳಿಗಾಗಿಯೋ ನನಗಾಗಿಯೋ, ಇನ್ನೂ ತಿಳಿದಿಲ್ಲ. ಅವಳು ಹೇಳಿದಳು: “ಹೇಳ್ತೆ. ಬಿಡೂದಿಲ್ಲೆ. ಆ ಕ್ವಾಣಿಗೆ ಬತ್ತಿಲ್ಲೆ. ಅವ್ರೇ ಇಲ್ಲಿಗ್ ಬರ್ಲಿ. ತೆರಿ ಹೊಡು ಜಾಗ್ದಲ್ಲ್ ಕೂಕಂಡ್ ಹೇಳ್ತೆ.”

ಅವಳು ಭೌತಶಾಸ್ತ್ರ ಓದಿದವಳಲ್ಲ. ಆದರೆ ತೆರೆ ಒಡೆಯುವ ಕಡೆ ಎರಡು ಮಾರು ದೂರದವರಿಗೆ ಮಾತು ಕೇಳಿಸುವುದಿಲ್ಲ ಎಂಬುದು ಕಡಲ ಬದಿಯ ಮನೆಗಳಲ್ಲಿ ಎಲ್ಲ ಹೆಂಗಸರಿಗೂ ಗೊತ್ತು. ಮನೆಯಲ್ಲಿ ಆಡಲಾಗದ್ದನ್ನು ಅವರು ತಲೆಮಾರುಗಳಿಂದ ಅಲ್ಲಿ ಹೋಗಿ ಆಡಿದ್ದಾರೆ. ಗೋಡೆಯಿಲ್ಲ, ಮಾಡಿಲ್ಲ, ಮರೆಯಲ್ಲಿ ನಿಲ್ಲಲು ಒಂದು ಮರವೂ ಇಲ್ಲ. ಯಾರು ಹತ್ತಿರ ಬಂದರೂ ಅರ್ಧ ಮೈಲಿಯಿಂದ ಕಾಣುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹದಿನೆಂಟನೇ ತಾರೀಕಿನ ನೋಟಿಸನ್ನು ಹಿಂತೆಗೆದುಕೊಳ್ಳಿ. ಬೋರ್ಡನ್ನು ಇಂದೇ ಇಳಿಸಿ. ಅಡ್ಡಗೋಡೆಯನ್ನು ಇಟ್ಟಿಗೆಯಲ್ಲಿ ಹೆಂಚಿನವರೆಗೆ ಕಟ್ಟಿಸುವ ತನಕ ಆ ಕೋಣೆಯಲ್ಲಿ ಯಾವ ಹೆಣ್ಣಿನ ಬಾಯನ್ನೂ ತೆರೆಸಬೇಡಿ, ಎರಡು ಕಡೆಯವರನ್ನು ಇನ್ನೆಂದೂ ಒಂದೇ ದಿನ ಕರೆಯಬೇಡಿ. ಮತ್ತು ಅವಳು ಹೇಳಿದ ಜಾಗಕ್ಕೆ, ಅವಳು ಹೇಳಿದ ಹೊತ್ತಿಗೆ, ಬರೆದುಕೊಳ್ಳುವ ಒಬ್ಬ ಹೆಂಗಸಿನ ಜೊತೆ ತಾವೇ ಬನ್ನಿ. ಜೀಪು ದೂರದಲ್ಲಿ ನಿಲ್ಲಲಿ. ಮರಳಿನ ಮೇಲೆ ಕುರ್ಚಿ ನಿಲ್ಲುವುದಿಲ್ಲ, ಕೆಳಗೆ ಕೂರಬೇಕಾಗುತ್ತದೆ. ಅವಳ ಧ್ವನಿ ಸಣ್ಣದು. ತಮ್ಮ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತರಬೇಕಾಗುತ್ತದೆ. ಅದಕ್ಕಿಂತ ದೂರ ಕುಳಿತರೆ ತಮಗೂ ಕೇಳಿಸುವುದಿಲ್ಲ.

ಇಂತಿ,
ಹೆಸರು ತಮಗೂ ಗೊತ್ತು, ಬೆಂಚಿನವರಿಗೂ ಗೊತ್ತು;
ಆದರೂ ಬರೆಯಲು ಕೈ ಬಾರದ
ಕುಂದಾಪುರದ ಒಬ್ಬ ಮೇಷ್ಟ್ರು